ಚೀಟಿಯಲ್ಲಿ ಇಲ್ಲದ ಮೂರನೇ ಸಾಲು

ನಮ್ಮ ಭಾವನವರಿಗೆ ಈ ಲೋಕದಲ್ಲಿ ನಂಬಿಕೆ ಇರುವುದು ಒಂದರ ಮೇಲೆ ಮಾತ್ರ, ಬಟ್ಟೆ ಹೊಲಿಯುವ ಕಾರ್ಖಾನೆಯ ಹಾಜರಿ ಕಂಪ್ಯೂಟರಿನ ಮೇಲೆ. ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವರು ಅವರೇ. ಹೆತ್ತವರೂ ತಾವೇ ಎಂಬಂತೆ ಓಡಾಡುತ್ತಾರೆ. ಅಕ್ಕ ಅಲ್ಲೇ ಕಾಲರ್ ಹೊಲಿಯುತ್ತಾಳೆ, ನಾನು ಗೋದಾಮು ನೋಡಿಕೊಳ್ಳುತ್ತೇನೆ.

ಈ ತಿಂಗಳು ಅಕ್ಕನ ಹೆಸರಿನ ಮುಂದೆ ಎರಡು ಸಲ 'ತಡ' ಎಂದು ಬಿತ್ತು. ಇನ್ನೊಂದು ಬಿದ್ದರೆ ಹನ್ನೊಂದು ವರ್ಷದ ಕೆಲಸಕ್ಕೆ ದೊಡ್ಡ ನಮಸ್ಕಾರ.

"ನಾನು ಬೆರಳಿಟ್ಟಾಗ ಒಂಬತ್ತಕ್ಕೆ ಇನ್ನೂ ಮೂರು ನಿಮಿಷ ಇತ್ತು ರೀ."

"ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣೇ. ಬೆಳಗ್ಗೆ ಸ್ವಲ್ಪ ಬೇಗ ಏಳು."

ಈ ಉಪದೇಶ ಮಾಡಿದ ಮಹಾನುಭಾವರು ಏಳುವುದು ಅಕ್ಕ ಮೂರು ಸಲ ಕೂಗಿದ ಮೇಲೆ. ನನಗೆ ಮೈ ಉರಿಯಿತು. ಮರುದಿನ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನನ್ನ ಫೋನನ್ನು ಅದರ ಪಕ್ಕದಲ್ಲೇ ಹಿಡಿದೆ. ಕಂಪ್ಯೂಟರು ಆರು ನಿಮಿಷ ಮುಂದಿತ್ತು.

ಭಾವ ಮೊದಲು ಅದರೊಳಗಿನ ಗಡಿಯಾರದ ಬ್ಯಾಟರಿಯನ್ನು ಬೈದು ಬದಲಾಯಿಸಿದರು. ಆಮೇಲೆ ನೆಟ್ಟಿನ ಕೇಬಲ್ಲಿನ ಜನ್ಮ ಜಾಲಾಡಿದರು. ಕೊನೆಗೆ, ಬೇರೆ ದಾರಿ ಕಾಣದೆ, ಕಂಪ್ಯೂಟರು ತಾನೇ ಬರೆದಿಡುವ ದಿನಚರಿಯನ್ನು, ಅಂದರೆ ಲಾಗನ್ನು, ಓದಿದರು. ಎರಡು ತಿಂಗಳಿಂದ ಪ್ರತಿ ಸೋಮವಾರ ಎಂಟೂವರೆಗೆ ಯಾರೋ ನೆಟ್ಟಿನಿಂದ ಸಮಯ ತರಿಸಿಕೊಳ್ಳುವುದನ್ನು ನಿಲ್ಲಿಸಿ, ಕೈಯಾರೆ ಸಮಯ ಹಾಕಿದ್ದರು.

"ಯಾರೋ ಅಲ್ಲ, ನಾನೇ," ಎಂದರು ಮ್ಯಾನೇಜರ್, ತಮ್ಮ ಮಾವ ಕೊಟ್ಟ ವಾಚನ್ನು ತೋರಿಸುತ್ತ. ಶಿಸ್ತಿಗೆಂದು ಅದನ್ನು ಸದಾ ಆರು ನಿಮಿಷ ಮುಂದಿಟ್ಟು, ಪ್ರತಿ ಸೋಮವಾರ ಕಂಪ್ಯೂಟರನ್ನೂ ಅದಕ್ಕೆ ಹೊಂದಿಸುತ್ತಾರಂತೆ. "ನೀವು ಬರೆದು ಅಂಟಿಸಿದ ಹಾಗೇ ಮಾಡಿದೀನಲ್ಲ?"

ಪರದೆಯ ಅಂಚಿನಲ್ಲಿ ಭಾವನ ಮುತ್ತಿನಂಥ ಅಕ್ಷರದ ಚೀಟಿ ಇತ್ತು. ನೆಟ್ ಕೆಟ್ಟಿದ್ದ ದಿನ ಬರೆದದ್ದು. ಮೊದಲ ಸಾಲು ನೆಟ್ಟಿನ ಸಮಯ ನಿಲ್ಲಿಸುವುದಕ್ಕೆ, ಎರಡನೆಯದು ಕೈಯಾರೆ ಸಮಯ ಹಾಕುವುದಕ್ಕೆ. ನೆಟ್ಟಿನ ಸಮಯವನ್ನು ಮತ್ತೆ ಚಾಲೂ ಮಾಡುವ ಮೂರನೇ ಸಾಲನ್ನು ನಮ್ಮ ಪಂಡಿತರು ಬರೆದೇ ಇರಲಿಲ್ಲ.

ಚೀಟಿಯನ್ನು ಮೆಲ್ಲಗೆ ಕಿತ್ತು ಜೇಬಿಗೆ ಸೇರಿಸಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಭಾವ ಮಾತ್ರ ತಪ್ಪು ತಮ್ಮದೆಂದು ಬರೆದುಕೊಟ್ಟು, ಅಕ್ಕನ ಎರಡೂ 'ತಡ'ಗಳನ್ನು ಅಳಿಸಿ ಹಾಕಿಸಿದರು. ಅಷ್ಟರ ಮಟ್ಟಿಗೆ ಅವರು ನನಗೆ ಇಷ್ಟ.

ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲ ಹೇಳಿ, ಚೀಟಿಯನ್ನು ಅಕ್ಕನ ಮುಂದಿಟ್ಟರು. ಅಕ್ಕ ಅದನ್ನು ಓದಲೂ ಇಲ್ಲ.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದ್ರಿ. ನಾನು ಹೇಳ್ತೀನಾ ಅಂತ ಒಂದ್ಸಲಾನಾದ್ರೂ ಯೋಚ್ನೆ ಮಾಡಿದ್ರಾ?"

ಮರುದಿನ ಬೆಳಗ್ಗೆ ಅಕ್ಕ ಏಳುವಷ್ಟರಲ್ಲಿ ಭಾವ ಎದ್ದು ಅವಳ ಬುತ್ತಿ ಕಟ್ಟುತ್ತಿದ್ದರು.