ಬೈಗುಳಕ್ಕೆ ಕ್ಲಾರಿನೆಟ್ ಸಾಥ್

ಪೀಪಿ ಎಂಬ ಹೆಸರು ಅವನಿಗೆ ಮಾವನಿಂದ ಬಂದ ಬಳುವಳಿ. ಮಗಳು ಕ್ಲಾರಿನೆಟ್ ನುಡಿಸುವವನನ್ನೇ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದಾಗ ಮಾವ, ಆ ಪೀಪಿ ಊದುವವನೇ ಬೇಕೇ ಎಂದು ಕೇಳಿದ್ದರು. ಮದುವೆಯಾಯಿತು, ಕಾಲಾಂತರದಲ್ಲಿ ಮಾವ ಹೋದರು, ಹೆಸರು ಮಾತ್ರ ಹೋಗಲಿಲ್ಲ.

ಅವನಿದ್ದ ಬ್ಯಾಂಡು ಮದುವೆಗೂ ಹೋಗುತ್ತಿತ್ತು, ಹೆಣದ ಮುಂದೆಯೂ ಹೋಗುತ್ತಿತ್ತು. ಎರಡು ಕಡೆಯೂ ಜನರ ಕಣ್ಣು ಬೇರೆಯವರ ಮೇಲೆ. ವಾದ್ಯದವರ ನೆನಪಾಗುವುದು ವಾದ್ಯ ನಿಂತರೆ ಮಾತ್ರ. ಬರಬರುತ್ತ ಕರೆಯುವವರೇ ಇಲ್ಲವಾಗಿ, ಬ್ಯಾಂಡಿನ ಯಜಮಾನ ಡ್ರಮ್ಮುಗಳನ್ನೆಲ್ಲ ಮಾರಿ ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ಇಟ್ಟ. ಪೀಪಿ ತನ್ನ ಕ್ಲಾರಿನೆಟ್ಟನ್ನು ಮಾರಲು ಸುತರಾಂ ಒಪ್ಪಲಿಲ್ಲ. ರೈಲು ನಿಲ್ದಾಣದ ಎದುರಿನ ಚೌಕಕ್ಕೆ ಹೋಗಿ, ಎದುರಿಗೊಂದು ಟೋಪಿ ಇಟ್ಟುಕೊಂಡು ಊದತೊಡಗಿದ.

ಯಾರೂ ಕೇಳಲಿಲ್ಲ. ಕಣ್ಣು ಮುಚ್ಚಿ ಅವನು ಮೇಲಿನ ಸ್ವರಕ್ಕೆ ಏರುವಾಗ ಒಬ್ಬರು ಭುಜ ತಟ್ಟಿ, ಇಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳಿದರು. ಒಬ್ಬ ಹೆಂಗಸು ಮಾತ್ರ ಬಹಳ ಹೊತ್ತು ನಿಂತು ತಲೆದೂಗಿದಳು. ಅವನ ಎದೆ ಉಬ್ಬಿ ಬಂತು. ಆಮೇಲೆ ನೋಡಿದರೆ ಕಿವಿಗೆ ವಯರು ಸಿಕ್ಕಿಸಿಕೊಂಡು ಯಾರಿಗೋ ಫೋನಿನಲ್ಲಿ ಹೂಂಗುಟ್ಟುತ್ತಿದ್ದಳು.

ಎಲ್ಲಕ್ಕಿಂತ ಹೊಟ್ಟೆ ಉರಿಸಿದವನು ಎದುರುಗಡೆಯ ಬೊಂಬೆ ವೇಷದವನು. ಅವನು ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಡಬ್ಬದ ಮೇಲೆ ಅಲ್ಲಾಡದೆ ನಿಲ್ಲುತ್ತಿದ್ದ, ಅಷ್ಟೇ. ಅವನ ಸುತ್ತ ಮಾತ್ರ ಜನವೋ ಜನ. ಉಸಿರು ಕಟ್ಟಿ ಊದುವವನನ್ನು ಬಿಟ್ಟು, ಏನೂ ಮಾಡದೆ ನಿಂತವನನ್ನು ಬಾಯಿ ಬಿಟ್ಟು ನೋಡುವ ಈ ಲೋಕಕ್ಕೆ ಏನು ಬಂತು ರೋಗ ಎಂದು ಪೀಪಿ ಮನಸ್ಸಿನಲ್ಲೇ ಶಪಿಸುತ್ತಿದ್ದ.

ಪೀಪಿಯ ಹೆಂಡತಿಗೆ ಬಟ್ಟೆ ಸರಿಪಡಿಸುವ ಅಂಗಡಿ. ಹೊಟ್ಟೆ ಬಂದವರ ಪ್ಯಾಂಟು ಸಡಿಲ ಮಾಡುವುದು, ಹೊಟ್ಟೆ ಕರಗಿದೆ ಎಂದು ನಂಬಿದವರ ಪ್ಯಾಂಟು ಬಿಗಿ ಮಾಡಿ, ಮರುತಿಂಗಳು ಮತ್ತೆ ಸಡಿಲ ಮಾಡುವುದು. ಮನೆ ನಡೆಯುತ್ತಿದ್ದುದು ಅವಳ ಹೊಲಿಗೆ ಯಂತ್ರದಿಂದ. ಬೈಯುವುದರಲ್ಲೂ ಅವಳದು ಅಚ್ಚುಕಟ್ಟು ಕೆಲಸ. ಎಷ್ಟೇ ಸಿಟ್ಟು ಬಂದರೂ ಗಂಡನಿಗೆ ಬಹುವಚನ ತಪ್ಪಿಸುತ್ತಿರಲಿಲ್ಲ. ಮರ್ಯಾದೆ ಕೊಟ್ಟು ಕೊಟ್ಟೇ ಅವನ ಮರ್ಯಾದೆ ತೆಗೆಯುತ್ತಿದ್ದಳು. ಉತ್ತರ ಕೊಡೋಣವೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದಳು.

ಒಂದು ದಿನ ಪೀಪಿ ಅಂಗಡಿಯ ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಚೌಕಕ್ಕೆ ಹೋಗಿಬಿಟ್ಟ. ಅಂಗಡಿ ಮುಂದೆ ಗಿರಾಕಿಗಳು ಸಾಲುಗಟ್ಟಿದರು. ಅವಳು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ದಡದಡನೆ ಚೌಕಕ್ಕೆ ಬಂದಳು.

"ರೀ, ತಲೆ ಅನ್ನೋದನ್ನ ಬಾಚ್ಕೊಳ್ಳೋಕೆ ಮಾತ್ರ ಇಟ್ಕೊಂಡಿದೀರಾ ನೀವು? ಅಲ್ಲಿ ಜನ ಪ್ಯಾಂಟಿಗೆ ಕಾಯ್ತಿದಾರೆ, ನೀವಿಲ್ಲಿ ಪಾರಿವಾಳಕ್ಕೆ ಕಚೇರಿ ಕೊಡ್ತಿದೀರಾ?"

ಪೀಪಿಯ ಬಾಯಲ್ಲಿ ಕ್ಲಾರಿನೆಟ್ ಇತ್ತು. ಬೆಚ್ಚಿಬಿದ್ದದ್ದಕ್ಕೆ ಅದು ಬಾಲ ತುಳಿಸಿಕೊಂಡ ನಾಯಿಮರಿಯಂತೆ ಕುಂಯ್ ಎಂದಿತು. ಹೋಗುತ್ತಿದ್ದವರು ಯಾರೋ ಕಿಸಕ್ಕೆಂದರು.

"ಮಾತಾಡಿ ಅಂದ್ರೆ ಊದ್ತೀರಲ್ರೀ," ಎಂದಳು.

ಅವನಿಗೆ ಅದೇನು ಧೈರ್ಯ ಬಂತೋ, ಅವಳು ಹೇಳಿದ್ದನ್ನೇ ಅದೇ ಏರಿಳಿತದಲ್ಲಿ, ಕೊನೆಯ 'ಲ್ರೀ' ಸಮೇತ ಊದಿ ತೋರಿಸಿದ. ಜನ ನಿಂತರು. ಅವಳು ರೇಗಿ ಇನ್ನೊಂದು ಹೇಳಿದಳು, ಕ್ಲಾರಿನೆಟ್ ಅದಕ್ಕೂ ಎದುರುತ್ತರ ಕೊಟ್ಟಿತು. ಮದುವೆಯಾದ ಮೇಲೆ ಮೊದಲ ಸಲ ಅವನ ಸರದಿ ಬಂದಿತ್ತು, ಬಿಡುತ್ತಾನೆಯೇ? ಬೊಂಬೆಯ ಸುತ್ತ ಇದ್ದವರೆಲ್ಲ ಈ ಕಡೆಗೆ ಬಂದರು. ಡಬ್ಬದ ಮೇಲೆ ಒಂಟಿಯಾದ ಬೊಂಬೆಗೂ ನಗು ತಡೆಯಲಾಗದೆ, ಕೆನ್ನೆಯ ಬೆಳ್ಳಿ ಚಕ್ಕೆ ಚಕ್ಕೆಯಾಗಿ ಉದುರಿತು.

ಆ ಸಂಜೆ ಪೀಪಿ ಹೆಂಡತಿಯ ಮುಂದೆ ಕೂತು, ಹೇಗೂ ಮನೆಯಲ್ಲಿ ಬೈಯುತ್ತೀಯ, ಅದನ್ನೇ ಶನಿವಾರ ಚೌಕಕ್ಕೆ ಬಂದು ಬೈ ಎಂದು ಗೋಗರೆದ. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಳು. ಆದರೆ ತನ್ನ ಮಾತನ್ನು ಅಷ್ಟು ಜನ ಮಧ್ಯೆ ಬಾಯಿ ಹಾಕದೆ ಕೇಳಿದ್ದು ಅವಳಿಗೂ ಹಿತವಾಗಿತ್ತು. ನೋಡೋಣ ಎಂದಳು. ಶನಿವಾರ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ನೋಡನೋಡುತ್ತ ಅವಳು ಹೆಸರುವಾಸಿಯಾದಳು. ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಎಳೆದುಕೊಂಡು ಬಂದು ಮುಂದೆ ನಿಲ್ಲಿಸಿದರು. ಅಕ್ಕಾ, ಒದ್ದೆ ಟವಲು ಹಾಸಿಗೆ ಮೇಲೆ ಬಿಸಾಕುವುದರ ಬಗ್ಗೆ ಒಂದಿಷ್ಟು ಬೈಯಿರಿ ಎಂದು ಕೋರಿಕೆಗಳು ಬಂದವು. ಬೊಂಬೆ ಒಂದು ದಿನ ಡಬ್ಬ ಇಳಿದು ಬಂದು, "ನಿಮ್ಮ ಸಂಸಾರ ಮನೇಲಿ ಮಾಡ್ಕೊಳ್ಳಿ ಅಣ್ಣ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಎಂದು ಬೇಡಿಕೊಂಡ.

ಪೀಪಿಗೂ ಒಳಗೊಳಗೇ ಕುದಿಯುತ್ತಿತ್ತು. ಅವಳು ಬರುವುದು ತಡವಾದ ಒಂದು ದಿನ, ಸಿಕ್ಕಿತು ಅವಕಾಶವೆಂದು ತನಗೆ ಪ್ರಿಯವಾದ ಗಂಭೀರ ಧಾಟಿಯೊಂದನ್ನು ಎತ್ತಿಕೊಂಡ. ಮುಂದಿನ ಸಾಲಿನವನು ಕಡಲೆಕಾಯಿ ಸುಲಿಯುತ್ತ, ಅಕ್ಕ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದ. ಮನೆಗೆ ಹೋಗಿ ಪೀಪಿ ಮುಖ ಊದಿಸಿಕೊಂಡು ಕೂತ. ಜನ ನಿನ್ನನ್ನು ನೋಡಲು ಬರುತ್ತಾರೆ, ನಾನು ನಿನ್ನ ಬಾಲ ಎಂದ. ಹಾಗಾದರೆ ನೀವೂ ಬಾಯಿ ಬಿಟ್ಟು ನನ್ನನ್ನು ಬೈಯಿರಿ ಎಂದಳು ಅವಳು. ಅವನು ಬಹಳ ಯೋಚಿಸಿ, ಸೂಜಿಗಳನ್ನು ಕುರ್ಚಿಗೆ ಚುಚ್ಚಿಡುತ್ತೀಯ ಎಂದ. ಮುಂದೆ ಏನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅವಳ ಗಂಟಲು ಕೈಕೊಟ್ಟಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ವಾಸಿಯಾಗುವ ತನಕ ಒಂದು ಅಕ್ಷರವೂ ಆಡಕೂಡದೆಂದರು. ಆಮೇಲೆ ಪೀಪಿಯ ಕಡೆ ತಿರುಗಿ ಸಣ್ಣ ದನಿಯಲ್ಲಿ, ಹಾಗಾದರೆ ಶನಿವಾರ ಇಲ್ಲವೇ ಎಂದು ಕೇಳಿದರು.

ಮನೆ ಗವ್ವೆನ್ನತೊಡಗಿತು. ಇಷ್ಟು ವರ್ಷ ಯಾವುದು ನಿಂತರೆ ಸಾಕಪ್ಪಾ ಎಂದುಕೊಂಡಿದ್ದನೋ ಅದು ನಿಂತಾಗ ಪೀಪಿಗೆ ಕೈಕಾಲು ಆಡದಾಯಿತು. ಒದ್ದೆ ಟವಲನ್ನು ಬೇಕೆಂದೇ ಹಾಸಿಗೆಯ ಮೇಲೆ ಹಾಕಿ ನೋಡಿದ. ಅವಳು ಸುಮ್ಮನೆ ಎತ್ತಿ ಒಣಗಹಾಕಿದಳು. ಅವನಿಗೆ ನಿಜವಾಗಿಯೂ ಭಯವಾಯಿತು.

ಶನಿವಾರ ಹೋಗುವುದು ಬೇಡವೆಂದ. ಅವಳು ಕ್ಲಾರಿನೆಟ್ಟಿನ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದಳು. ಚೌಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಗಂಡನ ಕಡೆ ಹುಬ್ಬು ಹಾರಿಸಿದಳು. ಪೀಪಿ ಅವಳ ಪರವಾಗಿ ತನ್ನನ್ನು ತಾನೇ ಬೈಯತೊಡಗಿದ. ಅಷ್ಟೂ ವರ್ಷಗಳ ಬೈಗುಳ ಅವನ ಬೆರಳಲ್ಲಿತ್ತು. ನಿಧಾನವಾದ ಆರಂಭ, ಮೆಟ್ಟಿಲು ಮೆಟ್ಟಿಲಾಗಿ ಏರುವ ಸಿಟ್ಟು, ತುತ್ತತುದಿಯಲ್ಲಿ 'ರೀ', ಇಳಿಯುವಾಗ ತಪ್ಪದ ಬಹುವಚನ. ಅದು ಟವಲಿನದು ಎಂದು ಒಬ್ಬಳು ಗುರುತು ಹಿಡಿದಳು. ಇದು ಬೀಗದ ಕೈ ಎಂದ ಇನ್ನೊಬ್ಬ. ಅವಳು ಬೆರಳು ಆಡಿಸಿದಲ್ಲಿ ಕ್ಲಾರಿನೆಟ್ ಸಿಡುಕಿತು.

ಬೈಗುಳ ಮುಗಿಯಿತು. ಪೀಪಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಬೈದು ದಣಿದ ಮೇಲೆ ಅವಳು ದೀಪದ ಹತ್ತಿರ ಕೂತು, ಹಲ್ಲಲ್ಲಿ ದಾರ ಕಚ್ಚಿಕೊಂಡು, ತನಗೇ ತಿಳಿಯದೆ ಏನೋ ಗುನುಗುತ್ತಿದ್ದುದುಂಟು. ಆ ಗುನುಗು ತನ್ನ ಕ್ಲಾರಿನೆಟ್ಟಿಗೆ ಬರುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಬಂತು. ನಿಧಾನವಾಗಿ, ಎಳೆ ಎಳೆಯಾಗಿ ಊದಿದ. ನಗಲೆಂದು ಬಂದಿದ್ದ ಕೆಲವರು ಜಾಗ ಖಾಲಿ ಮಾಡಿದರು. ಕೆಲವರು ನಿಂತರು. ಸಾಕು ಬನ್ನಿ, ಹೊತ್ತಾಯಿತು ಎನ್ನಲು ಅವಳಿಗೆ ದನಿಯಿರಲಿಲ್ಲ. ಕೊನೆಯವರೆಗೂ ಕೇಳಬೇಕಾಯಿತು. ಅವನ ಅಂಗಿಯಲ್ಲಿ ಗುಂಡಿ ಕಿತ್ತುಹೋದ ಜಾಗದ ಮೇಲೇ ಕಣ್ಣು ನೆಟ್ಟು ಕೇಳಿದಳು.

ಗಂಟಲು ವಾಸಿಯಾದ ದಿನ ಮೊದಲ ಮಾತು ಏನಿರಬಹುದೆಂದು ಪೀಪಿ ಕಾದು ಕೂತ.

"ಆ ಕೊನೇದು ಉದ್ದ ಆಯ್ತು ರೀ," ಎಂದಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, "ತೆಗೀಬೇಡಿ, ಇರ್ಲಿ," ಎಂದಳು.

ಈಗಲೂ ಶನಿವಾರದ ಆಟ ಆ ಗುನುಗಿನಲ್ಲೇ ಮುಗಿಯುತ್ತದೆ. ಬೊಂಬೆಯೂ ಟೋಪಿಯ ದುಡ್ಡಿನಲ್ಲಿ ಪಾಲು ಕೇಳಿಕೊಂಡು ಇವರ ಪಕ್ಕಕ್ಕೆ ಡಬ್ಬ ತಂದಿಟ್ಟಿದ್ದಾನೆ. ಆ ಧಾಟಿ ಶುರುವಾದಾಗ ರೈಲು ಹಿಡಿಯಬೇಕಾದವರು ಹೊರಡುತ್ತಾರೆ. ಉಳಿದವರಲ್ಲಿ ಕೆಲವರು ಕೇಳುತ್ತಾರೆ, ಕೆಲವರು ಅಕ್ಕನ ಕಣ್ಣಿಗೆ ಹೆದರಿ ಕೇಳಿದ ಹಾಗೆ ನಿಲ್ಲುತ್ತಾರೆ. ಪೀಪಿ ಭೇದ ಮಾಡುವುದಿಲ್ಲ.