ತಂಬಿಗೆಯ ಎತ್ತರ

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ವರ್ಷ ನಾನು ಕೊಟ್ಟೂರಿನಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಶೇಂಗಾ ಕೀಳುವ ಸಮಯಕ್ಕೆ ಪ್ರಧಾನ ಕಚೇರಿಯಿಂದ ಉಪಸಂಪಾದಕರೊಬ್ಬರು ಬಂದರು. ಭಾನುವಾರದ ಪುರವಣಿಗೆ ಅವರು ಹಳ್ಳಿಯ ಬಗ್ಗೆ ಬರೆಯಬೇಕಿತ್ತು.

"ನಗರದಲ್ಲಿ ಪಕ್ಕದ ಮನೆಯವರ ಮುಖ ಗೊತ್ತಿರಲ್ಲ. ಇಲ್ಲಿ ಇಡೀ ಊರೇ ಒಂದು ಕುಟುಂಬ, ಅಲ್ವಾ?" ಎಂದು ಬಸ್ಸಿನಲ್ಲಿ ಕೇಳಿದರು.

ನನ್ನ ವರದಿಗಳನ್ನು ತಿದ್ದುವವರು ಅವರೇ. ಹೌದು ಎಂದೆ.

ಹೊಸಹಳ್ಳಿ ದಾಟಿ ಒಂದು ಊರಿನಲ್ಲಿ ಇಳಿದೆವು. ಶಾಲಾ ಸಮಿತಿಯ ಅಧ್ಯಕ್ಷರಾಗಿದ್ದ ಗೌಡರ ಅಂಗಳದಲ್ಲಿ ಕೂಲಿ ಹೆಂಗಸರು ಕೂತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದರು. ಅವರಲ್ಲಿ ಒಬ್ಬಳ ಪರಿಚಯ ನನಗಿತ್ತು. ಶಾಲೆಯ ಅಡುಗೆ ಕೆಲಸಕ್ಕೆ ಆಕೆಯ ಹೆಸರಿಗೆ ಆದೇಶ ಬಂದಿತ್ತು. ದಲಿತ ಕೇರಿಯವಳು ಮಾಡಿದ ಅನ್ನವನ್ನು ಮಕ್ಕಳು ಉಣ್ಣುವುದಿಲ್ಲ ಎಂದು ಊರವರು ಆಕೆಯನ್ನು ಅಡುಗೆಕೋಣೆಯ ಒಳಗೆ ಬಿಟ್ಟಿರಲಿಲ್ಲ. ಇದರ ಮೇಲೆ ಆಕೆ ಸರ್ಕಾರಕ್ಕೆ ದೂರಿನ ಅರ್ಜಿ ಕೊಟ್ಟಿದ್ದಳು. ಅದರ ನಕಲು ನನ್ನ ಚೀಲದಲ್ಲಿತ್ತು. ಇನ್ನೂ ಸುದ್ದಿ ಮಾಡಿರಲಿಲ್ಲ.

ಬಿಸಿಲೇರಿದಾಗ ಆಕೆ ನೀರು ಕೇಳಿದಳು. ಗೌಡರ ಹೆಂಡತಿ ತಂಬಿಗೆ ತಂದು, ಕಟ್ಟೆಯ ಮೇಲೆ ನಿಂತು, ಕೆಳಗೆ ಬೊಗಸೆ ಒಡ್ಡಿ ಕೂತವಳಿಗೆ ಮೇಲಿನಿಂದ ಹೊಯ್ದರು. ಆ ಕೇರಿಯವರಿಗೆ ಅಲ್ಲಿ ನೀರು ಕೊಡುವುದು ಹಾಗೆಯೇ. ಲೋಟ ಕೊಡುವುದಿಲ್ಲ. ತಂಬಿಗೆ ಅವರ ಕೈಗೆ ತಾಗಬಾರದು.

ಉಪಸಂಪಾದಕರು ಅವಸರದಲ್ಲಿ ಕ್ಯಾಮೆರಾ ತೆಗೆದರು. "ನೋಡಿ, ಮನೆಯ ಯಜಮಾನಿಯೇ ಕೂಲಿಯವಳಿಗೆ ನೀರು ಕುಡಿಸ್ತಾರೆ."

"ನಮ್ಮೂರಾಗ ಭೇದ ಇಲ್ರಿ," ಎಂದರು ಗೌಡರು. "ಎಲ್ಲಾರೂ ಒಂದ ಮನ್ಯಾರು ಇದ್ದಂಗ."

ಪಕ್ಕದಲ್ಲಿ ಕೂತವಳು ಆಕೆಯನ್ನು ಮೆಲ್ಲಗೆ ಕೆಣಕಿದಳು: "ಏನಬೇ, ಪೇಪರಿನ್ಯಾಗ ಬರ್ತಿ. ಸಂತ್ಯಾಗ ನಿನ್ನ ಮಕದಾಗ ಮಿರ್ಚಿ ಭಜಿ ಕಟ್ಟಿ ಕೊಡ್ತಾರ."

"ಕೊಡ್ಲಿ ಬಿಡು. ಹಂಗಾದ್ರೂ ಮಕಕ್ಕ ಎಣ್ಣಿ ಹತ್ತತೈತಿ."

ಎರಡು ವಾರದ ಮೇಲೆ ಲೇಖನ ಬಂತು. ಗೋಡೆಗಳಿಲ್ಲದ ಊರು ಎಂಬುದು ತಲೆಬರಹ. ಕೂಲಿ ಮಹಿಳೆಯ ದಾಹ ತಣಿಸುತ್ತಿರುವ ಮನೆಯೊಡತಿ ಎಂದು ಚಿತ್ರದ ಕೆಳಗೆ ಬರೆದಿತ್ತು.

ಅರ್ಜಿಯ ವಿಚಾರಣೆಗೆ ಅಧಿಕಾರಿಯೊಬ್ಬರು ಶಾಲೆಗೆ ಬಂದ ದಿನ ನಾನೂ ಹೋಗಿದ್ದೆ. ಗೌಡರು ಮೇಜಿನ ಮೇಲೆ ಪುರವಣಿ ಹರಡಿದರು.

"ನಾವು ಹೇಳೋದು ಬ್ಯಾಡ್ರಿ ಸಾಹೇಬ್ರ. ಪೇಪರಿನೋರ ಬರದಾರ. ನಮ್ಮ ಮನಿ ನೀರು ಕುಡ್ಯಾಕತ್ಯಾಳ, ನೋಡ್ರಿ."

ಅಧಿಕಾರಿ ಆಕೆಯನ್ನು ಕೇಳಿದರು: "ಇದು ನೀನೇ ಏನಮ್ಮ?"

"ನಾನ ರೀ."

"ನೀರು ಕೊಟ್ಟಿದ್ದು ಇವರ ಮನೆಯವರೇ?"

"ಹೌದ್ರಿ. ಆದ್ರ ಅದು..."

ಅಧಿಕಾರಿ ಹೌದು ಎಂಬುದನ್ನು ಬರೆದುಕೊಂಡರು. ಗೌಡರು ನನ್ನ ಕಡೆ ಕೈ ಮಾಡಿದರು. ನೀವೂ ಅಲ್ಲಿದ್ದಿರಾ ಎಂದು ಅಧಿಕಾರಿ ಕೇಳಿದರು. ಇದ್ದೆ ಎಂದೆ. ನೀರು ಕೊಟ್ಟದ್ದು ನಿಜವೇ ಎಂದರು. ನಿಜ ಎಂದೆ. ಕೇಳಿದ್ದು ಅಷ್ಟೇ, ಹೇಳಿದ್ದೂ ಅಷ್ಟೇ.

ಭೇದಭಾವಕ್ಕೆ ಪುರಾವೆ ಇಲ್ಲವೆಂದು ಅರ್ಜಿ ವಜಾ ಆಯಿತು. ಇಷ್ಟು ದಿನ ಕೆಲಸಕ್ಕೆ ಬಂದಿಲ್ಲ ಎಂಬ ಕಾರಣಕ್ಕೆ ಆಕೆಯ ಆದೇಶ ರದ್ದಾಯಿತು. ಗೌಡರ ಸಂಬಂಧಿಕಳೊಬ್ಬಳು ಅಡುಗೆಗೆ ಸೇರಿದಳು.

ಕೆಲವು ದಿನಗಳ ನಂತರ ಆಕೆ ಕೊಟ್ಟೂರಿನ ನನ್ನ ಮನೆಗೆ ಬಂದಳು. ಒಳಗೆ ಕರೆದೆ, ಬರಲಿಲ್ಲ. ಬಾಗಿಲಲ್ಲೇ ನಿಂತು ಪುರವಣಿ ಬಿಡಿಸಿ, ಚಿತ್ರದಲ್ಲಿ ತಂಬಿಗೆಗೂ ಬೊಗಸೆಗೂ ನಡುವೆ ಬೆರಳಿಟ್ಟಳು.

"ಎಷ್ಟು ಮ್ಯಾಲ ಐತಿ ನೋಡ್ರಿ ಅಣ್ಣಾರ. ಇದನ್ನಷ್ಟ ಬರೀರಿ."

ತಪ್ಪು ಅಚ್ಚಾಗಿದ್ದರೆ ಮಾತ್ರ ಪತ್ರಿಕೆ ತಿದ್ದುಪಡಿ ಹಾಕುತ್ತದೆ ಎಂದೆ.

"ಹಂಗಾರ ಇದರಾಗ ಸುಳ್ಳು ಇಲ್ಲ ಅಂತೀರಿ?"

ಚಿತ್ರವನ್ನು ಮತ್ತೊಮ್ಮೆ ನೋಡಿದೆ. ನೀರು, ತಂಬಿಗೆ, ಬೊಗಸೆ ಎಲ್ಲವೂ ಸರಿಯಾಗಿದ್ದವು.

"ಇಲ್ಲ."

ಆಕೆ ಪುರವಣಿ ಮಡಚಿಕೊಂಡಳು. "ಈಗ ಕೂಲಿಗೂ ಕರಿಯಂಗಿಲ್ರಿ ನನ್ನ," ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದಳು.

ಮರುವಾರ ಉಪಸಂಪಾದಕರು ಫೋನ್ ಮಾಡಿದರು. ಓದುಗರು ತುಂಬ ಮೆಚ್ಚಿ ಬರೆದಿದ್ದಾರೆ, ಹಡಗಲಿ ಕಡೆ ಇಂಥದೇ ಇನ್ನೊಂದು ಊರು ನೋಡಿಡಿ ಎಂದರು. ನೋಡಿಟ್ಟೆ.