ಒಬ್ಬರಿಗಾಗುವಷ್ಟು ಜಾಗ

ನ್ಯೂವಾರ್ಕ್ ವಿಮಾನನಿಲ್ದಾಣದಲ್ಲಿ ಲಗೇಜಿಗೆ ಕಾಯುತ್ತ ಬರೆಯುತ್ತಿದ್ದೇನೆ. ಊರಿಗೆ ಹೋದವರು ಈ ಸಲ ಅಮೃತಸರಕ್ಕೂ ಹೋಗಿದ್ದೆವು. ಸ್ವರ್ಣಮಂದಿರದ ಊಟದ ಪಂಕ್ತಿಯಲ್ಲಿ ಯಾರಿಗೂ ಜಾಗವಿಲ್ಲ ಅನ್ನುವಂತಿಲ್ಲ. ಹಸಿರು ದುಪಟ್ಟಾದ ಅಜ್ಜಿಯೊಬ್ಬರು ಬಂದಾಗ ಮಗಳು ಅನು ಸರಿದು ಕೂರಿಸಿಕೊಂಡಳು.

ಅದೇ ಸಂಜೆ ವಾಘಾ ಗಡಿಯಲ್ಲಿ ಧ್ವಜ ಇಳಿಸುವುದನ್ನು ನೋಡಲು ಕುಳಿತಿದ್ದಾಗ, ಗೇಟಿನಾಚೆ ಪಾಕಿಸ್ತಾನದ ಜನರ ನಡುವೆ ಕುಳಿತಿದ್ದ ಯಾರಿಗೋ ಅವಳು ಕೈಬೀಸಿದಳು.

"ಯಾರಿಗೆ ಪುಟ್ಟಾ?"

"ದಟ್ ಅಜ್ಜಿ, ಅಮ್ಮಾ. ಫ್ರಮ್ ಲಂಚ್."

ಹಸಿರು ದುಪಟ್ಟಾ ನನಗೂ ಕಂಡಿತು. ದೂರದಿಂದ ಎಲ್ಲ ಹಸಿರೂ ಒಂದೇ ಎಂದುಕೊಂಡೆ.

ಈಗಷ್ಟೇ ಇಮಿಗ್ರೇಷನ್ ಅಧಿಕಾರಿ ನಮ್ಮಿಬ್ಬರ ಪಾಸ್‌ಪೋರ್ಟ್ ಹಿಡಿದು, ಜೊತೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದ.

ಇಲ್ಲ ಎಂದೆ.

ಅನು ನನ್ನ ಮುಖ ನೋಡಿದಳು. ಆಮೇಲೆ ಒಬ್ಬರಿಗಾಗುವಷ್ಟು ಪಕ್ಕಕ್ಕೆ ಸರಿದಳು.